ಇನ್ನೂ ನಮ್ಮದಲ್ಲದ ಮನೆಯ ರಿಪೇರಿ

ಹೊಸ ಸಾವಿರ ವರ್ಷ ಬಂತು, ಬಂತು ಎಂದು ಎಲ್ಲರೂ ಮಾತಾಡುತ್ತಿದ್ದ ಆ ವರ್ಷ, ಸಂಕ್ರಾಂತಿ ಮುಗಿದ ವಾರ, ಕೂಡ್ಲಿಗಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಬಂದು ಮಗನ ಮದುವೆ ಗೊತ್ತಾಗಿದೆ, ಮಳೆಗಾಲದೊಳಗೆ ಮನೆ ಬಿಟ್ಟುಕೊಡಬೇಕು ಎಂದು ಹೇಳಿಹೋದರು. ಏಳು ವರ್ಷಗಳಲ್ಲಿ ನಾವು ಬಿಡಬೇಕಾಗಿ ಬಂದ ಮೂರನೆಯ ಮನೆ ಅದು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ನನ್ನ ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೇಲರ್ ಅಂಗಡಿ, ಅದರಲ್ಲಿ ಒಂದೇ ಮೆಷಿನ್ನು. ಮಗಳು ಎರಡನೇ ಕ್ಲಾಸು.

ಆ ವಾರವೇ ಪೋಲಿಯೊ ಹನಿ ಹಾಕುವ ಕೆಲಸ ಬಂತು. ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಸುತ್ತುವಾಗ ಪೇಟೆಯ ಹಿಂದೆ ಬೀಗ ಹಾಕಿದ ಒಂದು ಮಾಳಿಗೆ ಮನೆ ಕಂಡಿತು. ಮರದ ತೊಲೆಗಳ ಮೇಲೆ ಜಂತಿ ಹೊಂದಿಸಿ, ಅದರ ಮೇಲೆ ಮಣ್ಣು ಹಾಕಿ ಕಟ್ಟಿದ ಹಳೆಯ ಕಾಲದ ಮನೆ. ಗೋಡೆಗಳು ಒಂದೊಂದೂ ಎರಡು ಮೊಳ ದಪ್ಪ. ಮಾಳಿಗೆಯ ಮೇಲೆ ಬೆಳೆದ ಹುಲ್ಲು ಒಣಗಿ ನಿಂತಿತ್ತು. ಬಾಗಿಲು ಮಾತ್ರ ಗಟ್ಟಿಮುಟ್ಟಾಗಿತ್ತು. ಅಭ್ಯಾಸಬಲದಿಂದ ಚಿಲಕ ಬಡಿದೆ.

ಪಕ್ಕದ ಮನೆಯ ಕಟ್ಟೆಯಿಂದ ಒಬ್ಬರು ಕೂಗಿದರು. "ಅದರಾಗ ಯಾರೂ ಇಲ್ರಿ ನರ್ಸಮ್ಮಾರ. ಹೆಗ್ಗಣ ಅದಾವು. ಅವಕ್ಕ ಹನಿ ಹಾಕ್ತೀರೇನು?"

ಅವರದು ಸಿಮೆಂಟು, ಕಬ್ಬಿಣ, ಪೈಪು ಮಾರುವ ಅಂಗಡಿ. ಮನೆಯ ಮುಂಭಾಗವೇ ಅಂಗಡಿ. ಆ ಓಣಿಯವರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು. ಮನೆ ಯಾರದು, ಮಾರುತ್ತಾರೇನು ಎಂದು ಕೇಳಿದೆ. ಅವರು ನನ್ನನ್ನು ಒಂದು ಸಲ ನೋಡಿ, ಮುಚ್ಚುಮರೆ ಇಲ್ಲದೆ ಹೇಳಿದರು.

"ಮಾರ್ತಾರ. ಬಿದ್ದುಹೋಗೋ ಮನಿ ತಗಂಡು ನೀವೇನು ಮಾಡ್ತೀರಿ? ನಾನೂ ಕೇಳೀನಿ ಅದನ್ನ, ಕೆಡವಿ ಗೋದಾಮು ಕಟ್ಟಾಕ."

ಸಂಜೆ ಗಂಡನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಓಣಿಯ ಕಡೆಯ ಗೋಡೆಯನ್ನು ಅಳೆದರು. ಬಟ್ಟೆ ಅಳೆಯುವ ಟೇಪಿನಿಂದ ಮನೆ ಅಳೆಯುವುದನ್ನು ನೋಡಿ ನನಗೆ ನಗು ಬಂತು. ಅವರಿಗೆ ಬರಲಿಲ್ಲ. "ಮುಂದಿನ ಪಡಸಾಲಿ ಓಣಿಗೇ ಮುಖ ಮಾಡೈತಿ," ಎಂದಷ್ಟೇ ಹೇಳಿದರು.

ಮನೆಯ ಯಜಮಾನರು ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಕಿರಾಣಿ ವ್ಯಾಪಾರ. ಮಕ್ಕಳಿಲ್ಲದ ಸೋದರತ್ತೆಯಿಂದ ಅವರಿಗೆ ಬಂದ ಮನೆ ಅದು. ನಾವು ಹೋದಾಗ ಬೆಲ್ಲ ತೂಗುತ್ತಿದ್ದರು. ಗಿರಾಕಿ ಹೋಗುವ ತನಕ ನಮ್ಮನ್ನು ನಿಲ್ಲಿಸಿದ್ದು, ಆಮೇಲೆ ಕೈ ಒರೆಸಿಕೊಂಡು ಮಾತಿಗೆ ಕೂತರು.

"ಮನಿ ತೊಂಬತ್ತು ಸಾವಿರ. ಪಕ್ಕದ ಸಾವ್ಕಾರ ಎಂಬತ್ತಕ್ಕ ಕೇಳ್ಯಾನ. ಆದ್ರ ಪೂರಾ ರೊಕ್ಕ ಒಂದ ಸಲಕ್ಕ ಕೊಡ್ತೀನಿ ಅಂತಾನ. ನೀವು ಸಂಚಕಾರ ಎಷ್ಟು ಕೊಡ್ತೀರಿ?"

ಸಂಚಕಾರ ಎಂದರೆ ಕರಾರು ಬರೆಯುವಾಗ ಕೊಡುವ ಮುಂಗಡ. "ಒಂಬತ್ತು ಸಾವಿರ," ಎಂದರು ನನ್ನ ಗಂಡ.

ಯಜಮಾನರು ತಕ್ಕಡಿಯ ಕಲ್ಲುಗಳನ್ನು ಬದಿಗಿಟ್ಟರು. "ಮೂರರಾಗ ಒಂದು ಪಾಲು ಕೊಡದಿದ್ರ ನಾನು ಕರಾರು ಬರಿಯಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ನೌಕರಿ ಪರ್ಮನೆಂಟೇನ್ರಿ?" ಎಂದು ಕೇಳಿದರು.

ಹೌದೆಂದೆ. ಬ್ಯಾಂಕಿನಿಂದ ಸಾಲ ತೆಗೆದು ಉಳಿದದ್ದನ್ನು ಕೊಡುತ್ತೇವೆಂದೆ. ಹತ್ತು ಸಾವಿರ ಹೆಚ್ಚಿಗೆ ಬರುವುದನ್ನು ಅವರು ಬಿಡಲು ತಯಾರಿರಲಿಲ್ಲ. ಕೊನೆಗೆ ಒಪ್ಪಿದರು. ಒಪ್ಪುವಾಗ ಒಂದು ಮಾತು ಹಾಕಿದರು.

"ಮಣ್ಣೆತ್ತಿನ ಅಮಾಸಿಯೊಳಗ ರಿಜಿಸ್ಟ್ರಿ ಆಗ್ಬೇಕು. ಆಷಾಢ ಹಿಡಿದ ಮ್ಯಾಲ ನಾನು ಬರಂಗಿಲ್ಲ. ಆಗ್ಲಿಲ್ಲಂದ್ರ ಸಂಚಕಾರಾನೂ ನಂದು, ಮನಿನೂ ನಂದು."

ಐದು ತಿಂಗಳಿತ್ತು. ಬೇಕಾದಷ್ಟಾಯಿತು ಎಂದುಕೊಂಡು ಸಹಿ ಮಾಡಿದೆವು. ನಮ್ಮಲ್ಲಿ ಕೂಡಿಟ್ಟದ್ದೆಂದರೆ ಆ ಒಂಬತ್ತು ಸಾವಿರವೇ.

ಬ್ಯಾಂಕಿನ ಮ್ಯಾನೇಜರು ಬೆಂಗಳೂರು ಕಡೆಯವರು. ನಿಧಾನದ ಮನುಷ್ಯ, ಮಾತು ಸ್ಪಷ್ಟ. ನನ್ನ ಸಂಬಳದ ಚೀಟಿಯನ್ನು ಎರಡು ಸಲ ಓದಿದರು. ನನ್ನ ಗಂಡ ತಮ್ಮ ಅಳತೆ ಪುಸ್ತಕವನ್ನೂ ತಂದಿದ್ದರು. ಯಾರ ಪ್ಯಾಂಟು, ಯಾರ ಜಂಪರು, ಎಷ್ಟು ಮಜೂರಿ ಎಲ್ಲ ಅದರಲ್ಲಿತ್ತು. ಅಂಗಡಿಗೆ ಬರುವ ಆದಾಯ ತೋರಿಸಲು ಅವರಿಗೆ ಅದೊಂದೇ ದಾರಿ. ಮ್ಯಾನೇಜರು ನಾಲ್ಕು ಹಾಳೆ ತಿರುವಿ, ಪುಸ್ತಕ ಮುಚ್ಚಿ, ಮರ್ಯಾದೆಯಿಂದಲೇ ವಾಪಸು ಕೊಟ್ಟರು.

"ಇದನ್ನ ಲೆಕ್ಕಕ್ಕೆ ತಗೊಳ್ಳೋಕೆ ಬರೋದಿಲ್ಲ. ಮೇಡಂ ಸಂಬಳದ ಮೇಲೆ ಕೊಡಬಹುದು. ಮನೆ, ಸಾಲ ಎರಡೂ ಅವರ ಹೆಸರಲ್ಲೇ ಆಗಬೇಕು."

ಗಂಡ ಆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅವರ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

"ಇನ್ನೊಂದು ವಿಷಯ," ಎಂದರು ಮ್ಯಾನೇಜರು. "ಮಣ್ಣಿನ ಮಾಳಿಗೆಗೆ ನಾವು ಸಾಲ ಕೊಡೋದಿಲ್ಲ. ಮನೆಯ ಬೆಲೆಯಲ್ಲಿ ಮುಕ್ಕಾಲು ಪಾಲು ಬ್ಯಾಂಕಿನದು, ಕಾಲು ಪಾಲು ನೀವು ಹಾಕಬೇಕು. ನಿಮ್ಮ ಹತ್ತಿರ ಇರೋದು ಹತ್ತರಲ್ಲಿ ಒಂದು."

ಹಾಗಾದರೆ ಏನೂ ದಾರಿಯಿಲ್ಲವೇ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಯೋಚಿಸಿದರು.

"ಒಂದು ಮಾಡಬಹುದು. ಮೊದಲು ನೀವೇ ಮನೆ ದುರಸ್ತಿ ಮಾಡಿಸಿ. ಮಾಳಿಗೆ ತೆಗೆದು ಕಲ್ಲಿನದ್ದೋ ಕಾಂಕ್ರೀಟಿನದ್ದೋ ಸೂರು ಹಾಕಿಸಿ. ಆಮೇಲೆ ನಮ್ಮ ಎಂಜಿನಿಯರು ಬಂದು ಬೆಲೆ ಕಟ್ಟುತ್ತಾರೆ. ದುರಸ್ತಿಯಿಂದ ಏರಿದ ಬೆಲೆಯನ್ನ ನಿಮ್ಮ ಪಾಲು ಅಂತ ಹಿಡಿಯೋಣ. ಒಂದು ಲಕ್ಷದ ಹತ್ತು ಸಾವಿರಕ್ಕೆ ಬೆಲೆ ಬಂದರೆ ನಿಮಗೆ ಬೇಕಾದಷ್ಟು ಸಾಲ ಸಿಗುತ್ತೆ."

ಹೊರಗೆ ಬಂದ ಮೇಲೆ ಅದರ ಅರ್ಥ ನಮಗೆ ಪೂರ್ತಿ ಹೊಳೆಯಿತು. ಸಾಲ ಸಿಗಬೇಕಾದರೆ ಮನೆ ರಿಪೇರಿಯಾಗಬೇಕು. ಮನೆ ನಮ್ಮದಾಗಬೇಕಾದರೆ ಸಾಲ ಸಿಗಬೇಕು. ಅಂದರೆ ಇನ್ನೂ ನಮ್ಮದಲ್ಲದ ಮನೆಗೆ ನಮ್ಮ ದುಡ್ಡು ಸುರಿಯಬೇಕು.

ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋದೆವು. ರಿಪೇರಿಗೆ ಅನುಮತಿ ಕೇಳಿದಾಗ ಯಜಮಾನರು ಇಲ್ಲವೆನ್ನಲಿಲ್ಲ. ಬಾಂಡ್ ಪೇಪರಿನ ಮೇಲೆ ಬರೆಸಿಯೇ ಕೊಟ್ಟರು. ರಿಪೇರಿ ನಮ್ಮ ಜವಾಬ್ದಾರಿ. ಗಡುವಿನೊಳಗೆ ರಿಜಿಸ್ಟ್ರಿ ಆಗದಿದ್ದರೆ ರಿಪೇರಿಗೆ ಹಾಕಿದ ಹಣವನ್ನು ಕೇಳುವಂತಿಲ್ಲ.

ವಾಪಸು ಬರುವಾಗ ಕೊಟ್ಟೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ತರಿಸಿಕೊಂಡು ಇಬ್ಬರೂ ಮುಟ್ಟದೆ ಕೂತೆವು.

"ಸಂಚಕಾರ ಹೋದ್ರ ಹೋಗ್ಲಿ ಅಂತ ಬಿಟ್ಟುಬಿಡೂನೇನ್ರಿ?" ಎಂದೆ.

"ಬಿಟ್ಟು ಎಲ್ಲಿಗೆ ಹೋಗ್ತಿ? ನಾಕನೇ ಬಾಡಿಗಿ ಮನಿಗೇನು?" ಅಂದರು. ನನ್ನ ಮುಖ ನೋಡದೆ, "ಅಂಗಡಿ ಬಿಡ್ತೀನಿ. ಅದಕ್ಕ ಕೊಟ್ಟ ಮುಂಗಡ ವಾಪಸ್ ಬರ್ತೈತಿ. ಆ ಪಡಸಾಲ್ಯಾಗೇ ಮೆಷಿನ್ ಹಾಕ್ಕೊಂತೀನಿ," ಎಂದರು.

ಅದು ಅವರೊಬ್ಬರೇ ತೀರ್ಮಾನಿಸಿದ್ದು. ಬ್ಯಾಂಕಿನಲ್ಲಿ ಲೆಕ್ಕಕ್ಕೆ ಬರದ ತಮ್ಮ ದುಡಿಮೆಯನ್ನು ಅವರು ಈ ರೀತಿ ಆ ಮನೆಯೊಳಗೆ ಹಾಕಿದರು ಎಂದು ನನಗೆ ಆಮೇಲೆ ಅನ್ನಿಸಿತು. ಅಂಗಡಿಯ ಮುಂಗಡ ಬಂತು, ನಾನು ಕಟ್ಟುತ್ತಿದ್ದ ಚೀಟಿ ಎತ್ತಿದೆ. ರಿಜಿಸ್ಟ್ರಿ ಖರ್ಚಿಗೆಂದು ಜಿ.ಪಿ.ಎಫ್‌ನಿಂದ ಮುಂಗಡಕ್ಕೆ ಅರ್ಜಿ ಹಾಕಿದೆ. ಮೆಷಿನ್ನು ಬಾಡಿಗೆ ಮನೆಯ ಬಾಗಿಲ ಪಕ್ಕಕ್ಕೆ ಬಂದು ಕೂತಿತು.

ಯುಗಾದಿ ಮುಗಿದ ಮೇಲೆ ಕೆಲಸ ಹಿಡಿದೆವು. ಮೇಸ್ತ್ರಿ ಐವತ್ತು ದಾಟಿದವರು. ಎರಡು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವರು. ಮಾಳಿಗೆಯ ಮಣ್ಣು ಇಳಿಸಲಿಕ್ಕೇ ಎಂಟು ದಿನ ಹಿಡಿಯಿತು. ನಾಲ್ಕು ತೊಲೆಗಳಲ್ಲಿ ಎರಡನ್ನು ಗೆದ್ದಲು ತಿಂದಿತ್ತು. ಹೊಸಪೇಟೆಯಲ್ಲಿ ಯಾವುದೋ ಹಳೆಯ ಗೋದಾಮು ಕೆಡವಿದ್ದಾರೆಂದು ಕೇಳಿ, ಮೇಸ್ತ್ರಿಯೇ ಹೋಗಿ ಅಲ್ಲಿಂದ ಕಬ್ಬಿಣದ ಗರ್ಡರುಗಳನ್ನು ಅಗ್ಗಕ್ಕೆ ತಂದರು. ಅವುಗಳ ಮೇಲೆ ಕಲ್ಲಿನ ಚಪ್ಪಡಿ ಹೊಂದಿಸುವುದು, ಸಂದಿಗೆ ಸಿಮೆಂಟು ತುಂಬುವುದು ಎಂದು ಮಾತಾಯಿತು.

ಪಕ್ಕದ ಸಾವ್ಕಾರ್ರು ದಿನಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರ ಮನೆಗೂ ಈ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. "ನನ್ನ ಗ್ವಾಡಿಗೆ ಏನಾರ ಆದ್ರ ಪಂಚಾಯ್ತಿಗೆ ಹೋಗ್ತೀನಿ, ಮೊದ್ಲ ಹೇಳೀನಿ," ಎಂದು ಒಂದು ದಿನ ನನ್ನ ಗಂಡನಿಗೆ ಹೇಳಿದರು. ಸಿಟ್ಟಿನಿಂದಲ್ಲ, ಲೆಕ್ಕ ಹೇಳುವ ಹಾಗೆ ಹೇಳಿದರು. ನಮಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮುಕ್ಕಾಲು ಭಾಗ ಚಪ್ಪಡಿ ಕೂತಿತ್ತು. ಬ್ಯಾಂಕಿನ ಎಂಜಿನಿಯರು ಐದು ದಿನದಲ್ಲಿ ಬರುವವರಿದ್ದರು. ರೋಹಿಣಿ ಮಳೆಯ ಕಾಲ, ಮಧ್ಯಾಹ್ನವಾದರೆ ಸಾಕು ಪಡುವಣ ದಿಕ್ಕು ಕಪ್ಪಾಗುತ್ತಿತ್ತು. ಅಂಥ ಒಂದು ಬೆಳಿಗ್ಗೆ ಆಸ್ಪತ್ರೆಗೆ ಗಂಡ ಓಡಿಬಂದರು. "ನೆಲ ಕುಸದೈತಿ, ಬಾ," ಎಂದರು.

ಪಡಸಾಲೆಯ ಹಿಂದಿನ ಕೋಣೆಯಲ್ಲಿ, ನಡುಗೋಡೆಗೆ ಅಂಟಿದ ಹಾಗೆ, ನೆಲ ಒಂದು ಆಳು ಇಳಿಯುವಷ್ಟು ಅಗಲಕ್ಕೆ ಒಳಗೆ ಹೋಗಿತ್ತು. ಚಪ್ಪಡಿ ಹೊತ್ತು ಹೋಗುತ್ತಿದ್ದ ಆಳಿನ ಕಾಲು ಸಿಕ್ಕಿ, ಪುಣ್ಯಕ್ಕೆ ಅವನು ಹಿಂದಕ್ಕೆ ಬಿದ್ದಿದ್ದ. ಮೇಸ್ತ್ರಿ ಮೊಣಕಾಲೂರಿ ಒಳಗೆ ನೋಡುತ್ತಿದ್ದರು.

"ಹಗೇವು ಐತ್ರಿ," ಎಂದರು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಮೇಲೆ ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಯಾವ ಕಾಲದಲ್ಲೋ ಅದರ ಬಾಯಿಗೆ ಬಂಡೆ ಮುಚ್ಚಿ ಮೇಲೆ ನೆಲ ಹಾಕಿಬಿಟ್ಟಿದ್ದರು. ಅದರ ಹೊಟ್ಟೆ ನಡುಗೋಡೆಯ ಬುಡದವರೆಗೂ ಹೋಗಿತ್ತು. ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಒಂದು ಬಿರುಕು ಬಿಟ್ಟಿತ್ತು. ಬೆರಳು ತೂರುವಷ್ಟು. ಹಿಂದಿನ ದಿನ ಅದು ಇರಲಿಲ್ಲ.

ಸಾವ್ಕಾರ್ರು ಓಡಿಬಂದರು. ಬಿರುಕು ನೋಡಿದ್ದೇ ಅವರ ದನಿ ಏರಿತು. "ನಾ ಹೇಳಿದ್ದೆ, ಹೇಳಿದ್ನೋ ಇಲ್ಲೋ? ಕೆಲಸ ನಿಂದ್ರಸ್ರಿ. ಈಗ ಪಂಚಾಯ್ತಿಗೆ ಹೋಗಿ ನೋಟೀಸು ತರಸ್ತೀನಿ."

"ಗುಂಡಿ ನಾವು ತೋಡೀವೇನ್ರಿ?" ಎಂದು ನನ್ನ ಗಂಡ ಎದುರು ನಿಂತರು. ಕೈಯಲ್ಲಿ ಹಾರೆ ಇತ್ತು. ಅವರು ಜಗಳದ ಮನುಷ್ಯ ಅಲ್ಲ, ಹಾರೆ ಕೈಯಲ್ಲಿರುವುದೇ ಅವರಿಗೆ ಮರೆತುಹೋಗಿತ್ತು. ನಾನು ಹೋಗಿ ಅದನ್ನು ಇಸಿದುಕೊಂಡೆ.

ಮೇಸ್ತ್ರಿ ಇಬ್ಬರ ಕಡೆಗೂ ಲಕ್ಷ್ಯ ಕೊಡಲಿಲ್ಲ. ಧೋತರ ಮೇಲಕ್ಕೆ ಕಟ್ಟಿಕೊಂಡು, "ಇಳಿದು ನೋಡ್ತೀನಿ. ಎಲ್ಲೀತನ ಹೋಗೈತಿ ಗೊತ್ತಾಗ್ಬೇಕು. ಮಳಿ ನೀರು ಇದರಾಗ ಇಳೀತಂದ್ರ ಗ್ವಾಡಿ ಕುಂತುಬಿಡ್ತೈತಿ," ಎಂದರು.

"ಇಳೀಬ್ಯಾಡ್ರಿ," ಎಂದೆ.

ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಹಳ್ಳಿಯಿಂದ ಹಗೇವಿಗೆ ಇಳಿದ ಒಬ್ಬ ಗಂಡಾಳನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ತಂದಿದ್ದರು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಮಲಗಿದವನ ಹಾಗೆ ಇದ್ದ. ಜೀವ ಹೋಗಿ ಒಂದು ತಾಸಾಗಿತ್ತು. ಅದನ್ನು ಹೇಳಿದೆ. ಒಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ, ಮೊದಲು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡೋಣ ಎಂದೆ.

"ಒಂದು ಗಳಿಗಿ ಇಳಿದು ಬರ್ತಾನ ಬಿಡು. ಐದು ದಿನ ಅದಾವು ನಮಗ," ಎಂದರು ಗಂಡ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನನ್ನ ತಲೆಯಲ್ಲಿಯೂ ಓಡುತ್ತಿದ್ದದ್ದು ಆ ಐದು ದಿನವೇ. ಆದರೂ ಹಟ ಹಿಡಿದೆ.

ಸಾವ್ಕಾರ್ರ ಅಂಗಡಿಯಿಂದಲೇ ಕಂದೀಲು ಬಂತು. ಮೇಸ್ತ್ರಿ ಹಗ್ಗ ಹಿಡಿದು ಮೆಲ್ಲಗೆ ಇಳಿಬಿಟ್ಟರು. ಒಂದು ಮೊಳ ಹೋಯಿತು, ಎರಡು ಮೊಳ ಹೋಯಿತು. ಒಳಗಿನ ಗೋಡೆ ಕೆಂಪಗೆ ಕಾಣಿಸಿತು. ಮೂರನೆಯ ಮೊಳಕ್ಕೆ ದೀಪ ಸಣ್ಣಗಾಗಿ ನೀಲಿಗೆ ತಿರುಗಿತು. ಆಮೇಲೆ ಇಲ್ಲವಾಯಿತು. ಗಾಳಿಗೆ ಆರಿರಬಹುದೆಂದು ಮತ್ತೊಮ್ಮೆ ಹಚ್ಚಿ ಬಿಟ್ಟರು. ಅದೇ ಜಾಗಕ್ಕೆ ಮತ್ತೆ ಆರಿತು.

ಮೇಸ್ತ್ರಿ ಕಟ್ಟಿಕೊಂಡಿದ್ದ ಧೋತರವನ್ನು ಕೆಳಗೆ ಬಿಟ್ಟು ಗೋಡೆಗೆ ಒರಗಿ ಕೂತರು. ಪಂಚಾಯಿತಿಗೆ ಹೋಗುತ್ತೇನೆಂದಿದ್ದ ಸಾವ್ಕಾರ್ರು ಆ ಗುಂಡಿಯ ಬಾಯನ್ನೇ ನೋಡುತ್ತ ನಿಂತಿದ್ದರು.

ಆ ದಿನವೆಲ್ಲ ಬಾಯಿ ಅಗಲ ಮಾಡಿ, ಗೋಣಿಚೀಲ ಇಳಿಬಿಟ್ಟು ಮೇಲಕ್ಕೆ ಎಳೆದು ಬೀಸಿ ಒಳಗಿನ ಗಾಳಿಯನ್ನು ಕದಡಿದರು. ಮೇಸ್ತ್ರಿ ಬಿರುಕಿನ ಮೇಲೆ ಮೈದಾ ಅಂಟಿನಿಂದ ಒಂದು ಕಾಗದದ ಪಟ್ಟಿ ಹಚ್ಚಿದರು. ಗೋಡೆ ಅಲುಗಿದರೆ ಕಾಗದ ಹರಿಯುತ್ತದೆ, ಆಗ ಎಲ್ಲರೂ ಹೊರಗೆ ಓಡಬೇಕು ಎಂದರು. ಅಂದು ಸಂಜೆ ಮೋಡ ಕವಿದು, ನಾಲ್ಕು ಹನಿ ಉದುರಿಸಿ, ಕೊಟ್ಟೂರಿನ ಕಡೆ ಹೋಯಿತು.

ಮರುದಿನ ಬೆಳಿಗ್ಗೆ ಕಂದೀಲು ತಳದವರೆಗೂ ಹೋಗಿ ಉರಿಯುತ್ತಲೇ ಇತ್ತು. ಆದರೂ ನಾನು ಅರ್ಧ ತಾಸು ಕಾಯಿಸಿದೆ. ಮೇಸ್ತ್ರಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದರು. ಪ್ರತಿ ಗಳಿಗೆಗೆ ನಾನು ಮೇಲಿನಿಂದ ಮಾತಾಡಿಸುತ್ತಿದ್ದೆ. ಅವರು ಬೇಸರದಿಂದ "ಹೂಂ, ಹೂಂ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

"ಸಾವ್ಕಾರ್ರ, ಇದರ ಹೊಟ್ಟಿ ನಿಮ್ಮ ಕಡಿಗೇ ಹೆಚ್ಚು ಹೋಗೈತಿ. ನಿಮ್ಮ ಅಂಗಡ್ಯಾಗ ನಿಂತು ಕೇಳ್ರಿ, ನಾ ಬಡಿತೀನಿ."

ಸಾವ್ಕಾರ್ರು ತಮ್ಮ ಅಂಗಡಿಗೆ ಹೋದರು. ಮೇಸ್ತ್ರಿ ಕೆಳಗಿನಿಂದ ಹಾರೆಯಿಂದ ಕುಟ್ಟಿದರು. ಅವರು ವಾಪಸು ಬಂದಾಗ ಮುಖದ ಬಣ್ಣ ಬೇರೆಯಾಗಿತ್ತು. ಸಿಮೆಂಟಿನ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿದ ಜಾಗದ ಕೆಳಗೇ ಸದ್ದು ಕೇಳಿಸಿತಂತೆ. ಅವರ ಹೆಂಡತಿ, ಮಕ್ಕಳು ಮಲಗುವ ಕೋಣೆ ಅದರ ಮಗ್ಗುಲಿಗೇ ಇತ್ತು.

"ಏನು ಮಾಡ್ಬೇಕು?" ಎಂದು ಮೇಸ್ತ್ರಿಯನ್ನು ಕೇಳಿದರು.

"ಗ್ವಾಡಿ ಬುಡಕ್ಕ ಕಲ್ಲಿನ ಕಂಬ ಎಬ್ಬಿಸ್ಬೇಕು. ಉಳದದ್ದಕ್ಕ ಕಲ್ಲು, ಗರಸು ತುಂಬಿ ಬಡಿದು ದಮ್ಮಸು ಹಾಕ್ಬೇಕು. ಮಳಿ ಬರೂದ್ರೊಳಗ."

ಪಂಚಾಯಿತಿಯ ಮಾತು ಮತ್ತೆ ಬರಲಿಲ್ಲ. ಅರ್ಧ ಖರ್ಚು ತಮ್ಮದೆಂದು ಅವರೇ ಹೇಳಿದರು. ಅಂಗಡಿಯ ಸರ್ವೆ ಮರದ ಕಂಬಗಳನ್ನು ತಂದು ಗೋಡೆಗೆ ಎರಡೂ ಕಡೆಯಿಂದ ಆನಿಸಿದರು. ಟ್ರ್ಯಾಕ್ಟರಿನಲ್ಲಿ ಗರಸು, ಅಂದರೆ ಜಲ್ಲಿಮಣ್ಣು, ತರಿಸಿದರು. ಮೂರನೆಯ ದಿನದ ಮಧ್ಯಾಹ್ನ, ಕಂಬ ಗೋಡೆಯ ಬುಡ ಮುಟ್ಟಲು ಎರಡು ಗೇಣು ಉಳಿದಿದ್ದಾಗ, ಮಳೆ ಬಂತು.

ಆ ಕೋಣೆಯ ಮೇಲೆ ಇನ್ನೂ ಚಪ್ಪಡಿ ಕೂತಿರಲಿಲ್ಲ. ತಾಡಪತ್ರಿಯ ನಾಲ್ಕು ಮೂಲೆಗಳನ್ನು ನಾಲ್ಕು ಜನ ಹಿಡಿದು ನಿಂತೆವು. ಒಂದು ಮೂಲೆಗೆ ನಾನು, ಒಂದಕ್ಕೆ ಗಂಡ, ಒಂದಕ್ಕೆ ಆಳು, ಒಂದಕ್ಕೆ ಸಾವ್ಕಾರ್ರು. ಗಾಳಿಗೆ ತಾಡಪತ್ರಿ ಎತ್ತಿ ಎತ್ತಿ ಬಡಿಯುತ್ತಿತ್ತು. ಕೆಳಗೆ ಮೇಸ್ತ್ರಿ ಒಂದೊಂದೇ ಕಲ್ಲು ಇಡುತ್ತಿದ್ದರು. ಮೇಲೆ ಬನ್ನಿ ಎಂದು ಕೂಗಿದರೆ "ಇನ್ನೆರಡು ವರಸಿ ಕಲ್ಲು," ಎನ್ನುತ್ತಿದ್ದರು. ನನ್ನ ಕಣ್ಣು ಆ ಕಾಗದದ ಪಟ್ಟಿಯ ಮೇಲೇ ಇತ್ತು. ಮೇಲ್ಗಡೆಯಿಂದ ಒಂದು ಕಡೆ ಅದು ಸಣ್ಣಗೆ ಹರಿಯಿತು. ಗಂಡನೂ ಅದನ್ನು ನೋಡಿದ್ದರು. ತಾಡಪತ್ರಿ ಬಿಟ್ಟು ಹಗ್ಗ ಹಿಡಿದು, "ಮೇಸ್ತ್ರಿ, ಬಾ ಮ್ಯಾಲ," ಎಂದು ಎಳೆದೇ ಬಿಟ್ಟರು. ಮೇಸ್ತ್ರಿ ಬೈಯುತ್ತ ಮೇಲೆ ಬಂದರು. ಎಲ್ಲರೂ ಓಣಿಗೆ ಬಂದು ಮಳೆಯಲ್ಲಿ ನಿಂತೆವು.

ಗೋಡೆ ಬೀಳಲಿಲ್ಲ. ಅರ್ಧ ತಾಸು ಸುರಿದು ಮಳೆ ನಿಂತ ಮೇಲೆ ಮೇಸ್ತ್ರಿ ಒಬ್ಬರೇ ಒಳಗೆ ಹೋಗಿ, ಕಂಬದ ತಲೆಗೂ ಗೋಡೆಗೂ ನಡುವೆ ಉಳಿದ ಸಂದಿಗೆ ಬೆಣೆಗಲ್ಲು ಬಡಿದು ಬಂದರು. ಕಾಗದ ಅರ್ಧ ಹರಿದು ಅಲ್ಲಿಗೇ ನಿಂತಿತ್ತು.

ಉಳಿದ ಎರಡು ದಿನಗಳಲ್ಲಿ ಗುಂಡಿ ತುಂಬಿ, ಚಪ್ಪಡಿ ಕೂಡಿಸಿ, ನೆಲ ಸಾರಿಸಿದರು. ಎಂಜಿನಿಯರು ಬರುವ ಮೊದಲು ಮೇಸ್ತ್ರಿ ನಮ್ಮಿಬ್ಬರನ್ನೂ ಕರೆದು, "ಹಗೇವಿನ ಸುದ್ದಿ ಎತ್ತಬ್ಯಾಡ್ರಿ. ಬಿರುಕು ಮುಚ್ಚೀನಿ, ಸುಣ್ಣ ಹೊಡದೀನಿ. ಕಾಣಂಗಿಲ್ಲ," ಎಂದರು. ಗಂಡ ತಲೆಯಾಡಿಸಿದರು. ನಾನೂ ಆಡಿಸಿದೆ.

ಎಂಜಿನಿಯರು ಎಲ್ಲ ನೋಡಿದರು. ಗರ್ಡರು ಎಣಿಸಿದರು. ಆ ಕೋಣೆಗೆ ಬಂದಾಗ ಚಪ್ಪಲಿಯಿಂದ ನೆಲ ಒತ್ತಿ, "ಇಲ್ಲಿ ಮಾತ್ರ ಹಸಿ ಇದೆಯಲ್ಲ, ಏನಿತ್ತು?" ಎಂದರು.

ಗಂಡ ಏನೋ ಹೇಳಲು ಹೊರಟರು. ಅದಕ್ಕೆ ಮುಂಚೆ ನಾನೇ ಹೇಳಿಬಿಟ್ಟೆ. ಹಗೇವು, ಬಿರುಕು, ಕಂಬ, ಎಲ್ಲ. ಯಾಕೆ ಹೇಳಿದೆನೆಂದು ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಸತ್ಯವಂತೆ ಎನ್ನಿಸಿಕೊಳ್ಳುವ ಆಸೆಯಿಂದಲ್ಲ. ಮುಂದೆ ಯಾವತ್ತಾದರೂ ಅದು ಹೊರಬಿದ್ದು ಸಾಲ ವಾಪಸು ಕೇಳಿದರೆ ಎಂಬ ಭಯ ಇತ್ತು. ಆ ಐದು ದಿನಗಳ ಮೇಲೆ ಇನ್ನೊಂದು ಭಯ ಹೊರುವ ಶಕ್ತಿ ನನಗಿರಲಿಲ್ಲ.

ಎಂಜಿನಿಯರು ಬರೆದುಕೊಂಡರು. ವಾರದ ಮೇಲೆ ಮ್ಯಾನೇಜರು ಕರೆಸಿದರು. ಮನೆಯ ಬೆಲೆ ತೊಂಬತ್ತೆರಡು ಸಾವಿರವೆಂದು ವರದಿ ಬಂದಿತ್ತು. ಸಾಲ ಸಿಕ್ಕಿತು, ಆದರೆ ನಮಗೆ ಬೇಕಾದದ್ದಕ್ಕಿಂತ ಹನ್ನೆರಡು ಸಾವಿರ ಕಡಿಮೆ. ಮಣ್ಣೆತ್ತಿನ ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು.

ಗಂಡ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಊಟಕ್ಕೆ ಕೂತರೆ ಮಗಳ ಕೈಯಲ್ಲಿ ಸಾರು ಕೇಳುತ್ತಿದ್ದರು. ಮೂರನೆಯ ದಿನ ಸಾವ್ಕಾರ್ರು ನಮ್ಮ ಬಾಡಿಗೆ ಮನೆಗೆ ಬಂದರು. ಸುದ್ದಿ ಮೇಸ್ತ್ರಿಯಿಂದ ಗೊತ್ತಾಗಿತ್ತು.

"ನನಗ ಗೋದಾಮಿಗೆ ಜಾಗ ಬೇಕಾಗೇ ಐತಿ," ಎಂದರು. "ಮುಂದಿನ ಪಡಸಾಲಿ ಮೂರು ವರ್ಷ ನನಗ ಬಾಡಿಗಿ ಕೊಡ್ರಿ. ಮೂರು ವರ್ಷದ ಬಾಡಿಗಿ ಹನ್ನೆರಡು ಸಾವಿರ ಈಗ ಕೊಡ್ತೀನಿ. ಉಪಕಾರ ಅಂತ ತಿಳ್ಕೋಬ್ಯಾಡ್ರಿ. ನನಗೂ ಅನುಕೂಲ ಐತಿ."

ನಾನು ಗಂಡನ ಕಡೆ ನೋಡಲಿಲ್ಲ. ಆ ಪಡಸಾಲೆಗಾಗಿ ಅವರು ಅಂಗಡಿ ಬಿಟ್ಟಿದ್ದರು. ಅದಕ್ಕೆ ಯಾವ ಬಣ್ಣ, ಬೋರ್ಡು ಎಲ್ಲಿ ತೂಗುಹಾಕುವುದು ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿಟ್ಟಿದ್ದರು. ಸಾವ್ಕಾರ್ರು ಹೋದ ಮೇಲೆ ಗಂಡ ಮೆಷಿನ್ನಿನ ಮುಂದೆ ಹೋಗಿ ಕೂತರು. ನಾನು ಹೇಳಿದೆ, "ಬ್ಯಾಡ ಅಂದ್ರ ಬ್ಯಾಡ್ರಿ. ಬೇರೆ ಏನಾರ ನೋಡೂನು."

"ಬೇರೆ ಏನೈತಿ?" ಎಂದರು. ಎರಡು ದಿನದ ಮೇಲೆ ನನಗೆ 'ನೀನು' ಎಂದು ಆಡಿದ ಮೊದಲ ಮಾತು ಅದರ ಹಿಂದೆಯೇ ಬಂತು. "ನೀನು ನಾಳಿಗೆ ಮ್ಯಾನೇಜರ್‌ನ ಕೇಳು, ಹಂಗ ಕೊಟ್ರ ಬ್ಯಾಂಕಿನವ್ರು ಏನಂತಾರ ಅಂತ."

ಮ್ಯಾನೇಜರು ಬಾಡಿಗೆ ಕರಾರನ್ನು ಬರವಣಿಗೆಯಲ್ಲಿ ತರಲು ಹೇಳಿ, ಓದಿ, ಫೈಲಿಗೆ ಸೇರಿಸಿಕೊಂಡರು.

ಅಮಾವಾಸ್ಯೆಯ ಹಿಂದಿನ ದಿನ ರಿಜಿಸ್ಟ್ರಿ, ಅದೇ ಗಡುವಿನ ಕೊನೆಯ ದಿನ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಹನ್ನೊಂದಕ್ಕೇ ಹೋಗಿ ಕೂತೆವು. ಪತ್ರ ಬರೆಯುವವರು ಎಲ್ಲ ತಯಾರು ಮಾಡಿದ್ದರು. ಬ್ಯಾಂಕಿನವರೊಬ್ಬರು ಡಿ.ಡಿ. ಹಿಡಿದು ಬಂದಿದ್ದರು. ಯಜಮಾನರು ಬರಲಿಲ್ಲ. ಹನ್ನೆರಡಾಯಿತು, ಎರಡಾಯಿತು. ಗಂಡ ಬಸ್ ಸ್ಟ್ಯಾಂಡಿಗೂ ಕಚೇರಿಗೂ ಐದು ಸಲ ಓಡಾಡಿದರು. ಯಜಮಾನರ ಅಂಗಡಿಗೆ ಫೋನ್ ಮಾಡಿದರೆ ಬೆಳಿಗ್ಗೆಯೇ ಹೊರಟಿದ್ದಾರೆ ಎಂದರು. "ನಾಲ್ಕೂವರೆಗೆ ಆಫೀಸರು ಏಳ್ತಾರೆ ಮೇಡಂ," ಎಂದು ಬ್ಯಾಂಕಿನವರು ಗಡಿಯಾರ ನೋಡಿಕೊಂಡರು.

ಹೊಸ ಸೂರು, ಕಟ್ಟಿದ ಕಂಬ, ತುಂಬಿದ ಗುಂಡಿ ಎಲ್ಲ ಒಂದೇ ದಿನಕ್ಕೆ ಯಜಮಾನರ ಪಾಲಾಗುತ್ತವೆ ಎಂಬುದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಕೂತಿದ್ದೆವು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಯಜಮಾನರು ಒಂದು ಲಾರಿಯಿಂದ ಇಳಿದರು. ಬಸ್ಸು ಕೊಟ್ಟೂರು ದಾಟಿ ಕೆಟ್ಟು ನಿಂತಿತ್ತಂತೆ. ಟವೆಲಿನಿಂದ ಮುಖದ ಧೂಳು ಒರೆಸಿಕೊಂಡರು. ಬಂದವರು ನೇರ ಒಳಗೆ ಹೋಗದೆ ನಮ್ಮ ಮುಂದೆ ನಿಂತರು.

"ಹೋದ ವಾರ ಬಂದು ಮನಿ ನೋಡ್ಕೊಂಡು ಹೋಗೀನಿ," ಎಂದರು. "ಇವತ್ತು ಬರದಿದ್ರ ನನಗ ಲಾಭ ಇತ್ತು. ಬಸ್ಸು ಕೆಟ್ಟಾಗ ಅದನ್ನ ವಿಚಾರ ಮಾಡ್ಕೋತ ರಸ್ತಿ ಮ್ಯಾಲ ನಾಕು ತಾಸು ಕುಂತಿದ್ದೆ."

ನಮ್ಮ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ನಾನು ಖರೀದಿದಾರಳೆಂದು ಸಹಿ ಮಾಡಿ ಹೆಬ್ಬೆಟ್ಟು ಒತ್ತಿದೆ. ಗಂಡ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ಅವರ ಕೈ ನಿಧಾನವಾಗಿ, ಒಂದೊಂದೇ ಅಕ್ಷರ ಬರೆಯಿತು. ಹೊರಗೆ ಬಂದು ಎಲ್ಲರೂ ಚಹಾ ಕುಡಿದೆವು. ಹಣ ಕೊಡಲು ನಾನು ಪರ್ಸ್ ತೆಗೆಯುವುದರೊಳಗೆ ಯಜಮಾನರೇ ಕೊಟ್ಟಿದ್ದರು.

ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲ. ಬಾಡಿಗೆ ಮನೆಯವರು ಕಾಯಲು ತಯಾರಿರಲಿಲ್ಲ. ಹಾಗಾಗಿ ಯಾರಿಗೂ ಹೇಳದೆ ಕೈಗಾಡಿಯಲ್ಲಿ ಪಾತ್ರೆ, ಹಾಸಿಗೆ ಸಾಗಿಸಿಕೊಂಡು ಹೋಗಿ, ಹಿತ್ತಲ ಬಾಗಿಲಿನಿಂದ ಒಳಗೆ ಸೇರಿಕೊಂಡೆವು. ಅಡುಗೆಮನೆಯ ಒಂದು ಮೂಲೆಯಲ್ಲಿ, ಬೆಳಕಿಂಡಿಯ ಕೆಳಗೆ, ಗಂಡ ಹೊಲಿಯಲು ಕೂತರು. ಬಸ್ ಸ್ಟ್ಯಾಂಡಿನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅವರನ್ನು ಹುಡುಕಿಕೊಂಡು ಬರಲಿಲ್ಲ. ಆ ಮೂರು ವರ್ಷ ನಾವು ಬಿಗಿ ಹಿಡಿದೇ ಬದುಕಿದೆವು. ಸಾಲದ ಕಂತು ಮಾತ್ರ ಒಂದೂ ತಪ್ಪಲಿಲ್ಲ.

ಶ್ರಾವಣದಲ್ಲಿ ಹಾಲು ಉಕ್ಕಿಸಿ ನಾಲ್ಕು ಜನರನ್ನು ಊಟಕ್ಕೆ ಕರೆದೆವು. ಅಷ್ಟರಲ್ಲಿ ಪಡಸಾಲೆ ತುಂಬ ಪೈಪು, ಸಿಮೆಂಟು. ಬಂದವರು ಓಣಿಯಲ್ಲಿ ನಿಂತು ನಿಮ್ಮ ಬಾಗಿಲು ಯಾವುದು ಎಂದು ಕೇಳುತ್ತಿದ್ದರು. ಮಗಳು ಹೊರಗೆ ಹೋಗಿ ಒಬ್ಬೊಬ್ಬರನ್ನೇ ಕೈಹಿಡಿದು, ಹಿತ್ತಲು ಸುತ್ತಿಸಿ, ಒಳಗೆ ಕರೆದುಕೊಂಡು ಬರುತ್ತಿದ್ದಳು.